ಅಪ್ಪ-ಅಮ್ಮನ ಜೊತೆ ಉಡುಪಿ, ಮುರುಡೇಶ್ವರ: ನಾಲ್ಕು ದಿನಕ್ಕೆ ಹೇಗೆ ಹೊಂದಿಸೋದು?

ಬಸವನಗುಡಿ_74
ಜನವರಿಯಲ್ಲಿ ಅಪ್ಪ-ಅಮ್ಮನನ್ನ ಕರಾವಳಿಗೆ ಕರ್ಕೊಂಡು ಹೋಗಬೇಕು. ಅಪ್ಪನಿಗೆ 74, ಇನ್ಸುಲಿನ್ ತಗೋತಾರೆ. ಅಮ್ಮನಿಗೆ 69, ಮಂಡಿನೋವು, ಹತ್ತು ಮೆಟ್ಟಿಲು ಹತ್ತೋದೇ ಕಷ್ಟ. ಮಲ್ಪೆ, ಸೇಂಟ್ ಮೇರಿಸ್ ದ್ವೀಪ, ಕೃಷ್ಣ ಮಠ, ಮುರುಡೇಶ್ವರ, ಗೋಕರ್ಣ ಇಷ್ಟು ಪಟ್ಟಿ. ನಾವಿಬ್ಬರು, ಅವರಿಬ್ಬರು, ನಾಲ್ಕೂ ಜನಕ್ಕೆ ಬೆಂಗಳೂರಿಂದ ಪಂಚಗಂಗಾ ರೈಲಿನಲ್ಲಿ ಒಂದೇ ಟಿಕೆಟ್ ಮಾಡಿಸೋಣ ಅಂತಿದೀವಿ. ಕೆಳಗಿನ ಬರ್ತ್ ಸಿಗುತ್ತಾ? ಕಾರೇ ವಾಸಿನಾ?

ಶಿರಾಡಿ_ಪ್ಯಾಸೆಂಜರ್
ನಾಲ್ಕು ಜನದ್ದು ಒಂದೇ ಟಿಕೆಟ್ ಮಾಡಿದ್ರೆ ಹಿರಿಯರ ಕೋಟಾ ಕೈಬಿಟ್ಟ ಹಾಗೆ. 60 ದಾಟಿದ ಗಂಡಸರು, 45 ದಾಟಿದ ಹೆಂಗಸರು, ಒಂದು ಟಿಕೆಟಿನಲ್ಲಿ ಹೆಚ್ಚೆಂದರೆ ಇಬ್ಬರು ಇದ್ದರೆ ಮಾತ್ರ ಆ ಕೋಟಾ ನಡೆಯುತ್ತೆ. ಅಪ್ಪ-ಅಮ್ಮಂದು ಬೇರೆ ಟಿಕೆಟ್ (ಬೇರೆ ಪಿಎನ್‌ಆರ್ ನಂಬರ್) ಮಾಡಿ, ಕೋಟಾ ಅನ್ನೋ ಕಡೆ ಲೋವರ್ ಬರ್ತ್/ಸೀನಿಯರ್ ಸಿಟಿಜನ್ ಆರಿಸಿ. ನಿಮ್ಮಿಬ್ಬರದು ಜನರಲ್ ಕೋಟಾದಲ್ಲಿ. ಬೋಗಿ ಬೇರೆ ಬೇರೆ ಬೀಳೋ ಸಾಧ್ಯತೆ ಇದೆ, ಅದಕ್ಕೆ ಮಾತ್ರೆ ಡಬ್ಬಿ, ನೀರು, ಟಾರ್ಚು ಅವರ ಕೈಚೀಲದಲ್ಲೇ ಇರಲಿ.

ಬುಕಿಂಗ್ ತೆರೆಯೋದು 60 ದಿನ ಮುಂಚೆ. ಮೊದಲಿದ್ದ 120 ದಿನದ ಲೆಕ್ಕ 2024ರ ನವೆಂಬರಿನಿಂದ ಇಲ್ಲ. ಜನವರಿ 10ಕ್ಕೆ ಹೊರಡೋದಾದ್ರೆ ನವೆಂಬರ್ 11ರ ಬೆಳಿಗ್ಗೆ 8ಕ್ಕೆ ಕೂರಬೇಕು. ಹಿರಿಯರ ದರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿದ್ದು ಮತ್ತೆ ಬಂದಿಲ್ಲ, ಅದನ್ನ ಹುಡುಕ್ತಾ ಸಮಯ ಕಳೀಬೇಡಿ. ಆಗೋದಾದ್ರೆ ಸೆಕೆಂಡ್ ಎಸಿ ತಗೊಳ್ಳಿ. ಅಲ್ಲಿ ಮಿಡಲ್ ಬರ್ತ್ ಇರಲ್ಲ, ಮಂಡಿ ಹಿಡಿದಾಗ ಅಮ್ಮ ರಾತ್ರಿ ಎದ್ದು ನೆಟ್ಟಗೆ ಕೂತ್ಕೋಬಹುದು. ಥರ್ಡ್ ಎಸಿಯಲ್ಲಿ ಮಿಡಲ್ ಬರ್ತ್ ಬಿಚ್ಚಿದ ಮೇಲೆ ಕತ್ತು ಬಗ್ಗಿಸಿಯೇ ಕೂರಬೇಕು.

ಬರ್ತ್‌ಗಿಂತ ದೊಡ್ಡ ತೊಂದರೆ ಇಳಿಯೋ ಹೊತ್ತಿನದು. ಪಂಚಗಂಗಾ ಉಡುಪಿ ಮುಟ್ಟೋದು ಬೆಳಗಿನ ಜಾವ, ಹೆಚ್ಚುಕಮ್ಮಿ ನಾಲ್ಕಕ್ಕೆ. ಲಾಡ್ಜುಗಳಲ್ಲಿ ರೂಮ್ ಕೊಡೋದು ಹನ್ನೊಂದೋ ಹನ್ನೆರಡೋ. ನಡುವಿನ ಏಳೆಂಟು ಗಂಟೆ ರಿಸೆಪ್ಷನ್ ಕುರ್ಚಿಯಲ್ಲಿ ಕಳೆದರೆ ಮೊದಲ ದಿನ ಪೂರಾ ಹಾಳು. ಹಿಂದಿನ ರಾತ್ರಿಯ ಬಾಡಿಗೆಯನ್ನೂ ಕೊಟ್ಟು ರೂಮ್ ಹಿಡಿದುಬಿಡಿ, ಅಥವಾ ಬೇಗ ಕೊಡ್ತೀವಿ ಅನ್ನೋದನ್ನ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಇನ್ನೊಂದು ದಾರಿ ಮುರುಡೇಶ್ವರ ಎಕ್ಸ್‌ಪ್ರೆಸ್. ಬೈಯಪ್ಪನಹಳ್ಳಿಯ ಎಸ್‌ಎಂವಿಟಿ ನಿಲ್ದಾಣದಿಂದ ರಾತ್ರಿ ಹೊರಟು ಮೈಸೂರು ಸುತ್ತಿ ಹೋಗುತ್ತೆ, ಹೊತ್ತು ಜಾಸ್ತಿ ಹಿಡಿಯುತ್ತೆ. ಆದ್ರೆ ಉಡುಪಿಗೆ ಹಗಲಲ್ಲಿ ಬರುತ್ತೆ. ನಿಮ್ಮ ಸ್ಥಿತಿಗೆ ನಾನಾದ್ರೆ ಅದನ್ನೇ ಹೇಳ್ತೀನಿ.

ಕಡಲತಡಿ
ಮೊದಲು ಪಟ್ಟಿ ಕತ್ತರಿಸಿ. ಉಡುಪಿಯಿಂದ ಮುರುಡೇಶ್ವರ ಸುಮಾರು 100 ಕಿ.ಮೀ., ಗೋಕರ್ಣ ಇನ್ನೂ ಎಷ್ಟೋ ಮುಂದೆ. ಅಲ್ಲಿಯ ಓಂ ಬೀಚಿಗೆ ಇಳಿಯೋದೇ ಮೆಟ್ಟಿಲಲ್ಲಿ, ವಾಪಸ್ ಹತ್ತಲೂಬೇಕು. ಅಮ್ಮನವರಿಗೆ ಆಗೋ ಮಾತಲ್ಲ, ಬಿಡಿ.

ಸೇಂಟ್ ಮೇರಿಸ್ ಕೂಡ ಬೇಡ. ಅಲುಗಾಡೋ ದೋಣಿಗೆ ಹತ್ತೋದು, ಇಳಿಯೋದು, ಆಮೇಲೆ ಕಂಬದ ಹಾಗೆ ಎದ್ದು ನಿಂತ ಲಾವಾ ಬಂಡೆಗಳ ಮಧ್ಯೆ ನಡಿಗೆ. ಬದಲಿಗೆ ಪಡುಬಿದ್ರಿ ಬ್ಲೂ ಫ್ಲ್ಯಾಗ್ ಬೀಚಿಗೆ ಹೋಗಿ. ಬ್ಲೂ ಫ್ಲ್ಯಾಗ್ ಅಂದ್ರೆ ಸ್ವಚ್ಛತೆ, ಸುರಕ್ಷತೆ ನೋಡಿ ಬೀಚಿಗೆ ಕೊಡೋ ಅಂತರರಾಷ್ಟ್ರೀಯ ಮಾನ್ಯತೆ. 2020ರಲ್ಲಿ ಅದು ಸಿಕ್ಕ ದೇಶದ ಮೊದಲ ಎಂಟು ಬೀಚುಗಳಲ್ಲಿ ಇದೂ ಒಂದು, ಹೊನ್ನಾವರದ ಹತ್ತಿರದ ಕಾಸರಕೋಡು ಇನ್ನೊಂದು. ಆ ಮಾನ್ಯತೆಗೆ ಶೌಚಾಲಯ, ಗಾಲಿಕುರ್ಚಿ ಹೋಗುವ ದಾರಿ ಇರಲೇಬೇಕು. ವಯಸ್ಸಾದವರಿಗೆ ನೋಟಕ್ಕಿಂತ ಅದೇ ಮುಖ್ಯ ಅಲ್ವಾ.

ಮುರುಡೇಶ್ವರ ಮಾತ್ರ ಬಿಡಬೇಡಿ. 20 ಅಂತಸ್ತಿನ ರಾಜಗೋಪುರದಲ್ಲಿ ಲಿಫ್ಟ್ ಇದೆ, ಮೇಲಿಂದ 123 ಅಡಿ ಶಿವನೂ ಕಡಲೂ ಒಟ್ಟಿಗೆ ಕಾಣುತ್ತೆ, ವಿಗ್ರಹದ ಗುಡ್ಡ ಹತ್ತೋ ಅಗತ್ಯವೇ ಇಲ್ಲ. ಲಿಫ್ಟಿನ ಸಾಲು ಉದ್ದ ಇರುತ್ತೆ, ವಾರದ ನಡುವೆ ಬೆಳಿಗ್ಗೆಯೇ ಹೋಗಿ. ದಾರಿಯಲ್ಲಿ ಮರವಂತೆ: ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ. ಕಾರಿನಲ್ಲಿ ಕೂತೇ ನೋಡಬಹುದು.

ತಾರೀಖು ನೋಡಿ ಬುಕ್ ಮಾಡಿ. ಸಂಕ್ರಾಂತಿ ಆಸುಪಾಸಿನ ಸಪ್ತೋತ್ಸವದ (ಕೃಷ್ಣ ಮಠದ ಏಳು ದಿನದ ಉತ್ಸವ) ವಾರ ಮಠದ ಸುತ್ತಲಿನ ರಥಬೀದಿ ತುಂಬಿರುತ್ತೆ. ಸಮಸಂಖ್ಯೆಯ ವರ್ಷವಾದ್ರೆ ಜನವರಿ 18ಕ್ಕೆ ಪರ್ಯಾಯ (ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗೋ ಉತ್ಸವ), ಆಗ ಉಡುಪಿಯಲ್ಲಿ ರೂಮ್ ಅನ್ನೋ ಮಾತೇ ಇಲ್ಲ. ಮಠಕ್ಕೆ ಬಿಸಿಲೇರೋದಕ್ಕೆ ಮುಂಚೆ ಹೋಗಿ. ಒಳಗೆ ಹೋಗೋಕೆ ಅಪ್ಪನವರು ಅಂಗಿ ತೆಗೀಬೇಕು, ಸುಲಭದ ಗುಂಡಿ ಇರೋದು ಹಾಕಿಸಿ.

ಮಾತ್ರೆ_ಡಬ್ಬಿ
ಬಳಸ್ತಿರೋ ಇನ್ಸುಲಿನ್ ಪೆನ್ನು ಸಾಮಾನ್ಯವಾಗಿ 30 ಡಿಗ್ರಿ ಒಳಗೆ ನಾಲ್ಕು ವಾರ ಇರುತ್ತೆ, ನಿಮ್ಮ ಬ್ರ್ಯಾಂಡಿನ ಚೀಟಿ ಓದಿ. ಕರಾವಳಿಯ ಮಧ್ಯಾಹ್ನ 30 ದಾಟುತ್ತೆ, ನಿಲ್ಲಿಸಿದ ಕಾರಿನೊಳಗಂತೂ ಕೇಳಲೇಬೇಡಿ. ಹಾಗಂತ ಐಸಿಗೆ ತಾಗಿಸಿ ಇಡಬಾರದು, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಎಸೆಯೋದೇ. ಐಸ್ ಪ್ಯಾಕಿಗೂ ಪೆನ್ನಿಗೂ ನಡುವೆ ಟವೆಲ್ ಇರಲಿ.

ಮರಳಲ್ಲಿ ನಡೆದ ದಿನ ಸಕ್ಕರೆ ಬೇಗ ಇಳಿಯುತ್ತೆ, ಜೇಬಲ್ಲಿ ಗ್ಲೂಕೋಸ್ ಇರಬೇಕು. ಬರಿಗಾಲು ಬೇಡವೇ ಬೇಡ. ಪಾದದ ಸ್ಪರ್ಶ ಮಂಕಾಗಿದ್ರೆ ಕಾದ ಮರಳು ಸುಟ್ಟರೂ ಗೊತ್ತಾಗಲ್ಲ. ಹಿಂದೆ ಪಟ್ಟಿ ಇರೋ ಸ್ಯಾಂಡಲ್ ಹಾಕಿಸಿ, ರಾತ್ರಿ ಪಾದ ನೋಡಿ.

ಅಮ್ಮನಿಗೆ ನೀರಂಚಿನ ಒದ್ದೆ ಗಟ್ಟಿ ಮರಳೇ ಸರಿ, ಅದೂ ಇಳಿತದ ಹೊತ್ತಲ್ಲಿ. ಒಣ ಮರಳಲ್ಲಿ ಕೋಲಿನ ತುದಿ ಹೂತುಹೋಗುತ್ತೆ. ಇಳಿಜಾರಿನ ದಡದಲ್ಲಿ ತುಂಬಾ ದೂರ ಒಂದೇ ದಿಕ್ಕಿಗೆ ನಡೆದ್ರೆ ಒಂದು ಮಂಡಿಗೇ ಭಾರ ಬೀಳುತ್ತೆ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಜಾರುತ್ತೆ, ನಿನ್ನೆಯ ಗಂಟೆ ಇವತ್ತಿಗಿಲ್ಲ.

ಎಳನೀರಿನ ಬಗ್ಗೆ ಯಾರೂ ಹೇಳಲ್ಲ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ತೊಂದರೆ ಇದ್ರೆ, ಅಥವಾ ಬಿಪಿಗೆ ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ತರಹದ್ದು ತಗೋತಿದ್ರೆ ದಿನಕ್ಕೆ ಎಷ್ಟು ಎಳನೀರು ಕುಡೀಬಹುದು ಅಂತ ಹೊರಡೋ ಮುಂಚೆ ಡಾಕ್ಟರನ್ನ ಕೇಳಿ.

ಬಸವನಗುಡಿ_74
ಎಲ್ಲರಿಗೂ ಥ್ಯಾಂಕ್ಸ್. ಗೋಕರ್ಣ, ದ್ವೀಪ ಎರಡೂ ತೆಗೆದೆ. ಎರಡು ಪಿಎನ್‌ಆರ್ ಮಾಡ್ತೀನಿ. ಕಾರಿನ ಮಾತು ಯಾರೂ ಎತ್ತಲಿಲ್ಲ?

ಶಿರಾಡಿ_ಪ್ಯಾಸೆಂಜರ್
ಹಾಸನ, ಸಕಲೇಶಪುರ, ಶಿರಾಡಿ ಮೇಲೆ ಸುಮಾರು 400 ಕಿ.ಮೀ., ನಿಲ್ಲಿಸಿಕೊಂಡು ಹೋದ್ರೆ ಹತ್ತು ಗಂಟೆ. ಮಡಚಿದ ಮಂಡಿಗೆ ಅಷ್ಟು ಹೊತ್ತು ಬೇಡ. ಹೋಗಲೇಬೇಕಂದ್ರೆ ಅಮ್ಮನನ್ನ ಮುಂದಿನ ಸೀಟಿನಲ್ಲಿ ಕೂರಿಸಿ, ಗಂಟೆಗೊಮ್ಮೆ ಇಳಿಸಿ ನಡೆಸಿ. ರೈಲಲ್ಲಿ ಹೋಗಿ ಅಲ್ಲೇ ಟ್ಯಾಕ್ಸಿ ಹಿಡಿಯೋದು ಒಳ್ಳೇದು. ವಾಪಸ್ ಬರೋಕೆ ಪಂಚಗಂಗಾ ಸರಿ, ರಾತ್ರಿ ಹತ್ತಿದ್ರೆ ಬೆಳಿಗ್ಗೆ ಮೆಜೆಸ್ಟಿಕ್. ಆದ್ರೆ ಆವತ್ತೂ ರೂಮ್ ಬಿಡೋದು ಹನ್ನೊಂದಕ್ಕೆ, ರೈಲು ಕತ್ತಲಾದ ಮೇಲೆ. ಸಂಜೆವರೆಗೆ ಒಂದು ರೂಮನ್ನಾದ್ರೂ ಉಳಿಸಿಕೊಳ್ಳಿ.