ಬಿ.ಆರ್. ಹಿಲ್ಸ್ ಆಸ್ಪತ್ರೆ ಬಗ್ಗೆ ಗೊತ್ತಿರೋರು ಇದ್ದೀರಾ?

ಫೈನಲ್_ಇಯರ್
ನಮಸ್ಕಾರ, ನಂದು ನರ್ಸಿಂಗ್, ಕಮ್ಯುನಿಟಿ ಹೆಲ್ತ್ ಪ್ರಾಜೆಕ್ಟಿಗೆ ಹಳ್ಳಿ ಕಡೆ ಸಣ್ಣ ಆಸ್ಪತ್ರೆ ಒಂದರ ಬಗ್ಗೆ ಬರೀಬೇಕು, ಬಿಳಿಗಿರಿರಂಗನ ಬೆಟ್ಟದ್ದು ತಗೊಂಡಿದೀನಿ. 1981ರಲ್ಲಿ ಡಾ. ಸುದರ್ಶನ್ ಶುರು ಮಾಡಿದ್ದು ಅಂತ ಗೊತ್ತು, ಅದು ಬಿಟ್ರೆ ಎಲ್ಲಿ ನೋಡಿದ್ರೂ ಬರೀ ಪ್ರಶಸ್ತಿ ಪಟ್ಟಿ. ಯಾವ ಕಾಯಿಲೆ ನೋಡ್ತಿದ್ರು, ಜನ ಹೆಂಗೆ ನಂಬಿದ್ರು, ಅದು ಬೇಕಿತ್ತು.

ಕಾಡಂಚು
ಶುರುಲಿ ಕಟ್ಟಡ ಎಲ್ಲಿತ್ತು, ಗುಡಿಸಲು ಅಷ್ಟೇ. ಸೋಲಿಗರು (ಆ ಬೆಟ್ಟದ ಗಿರಿಜನರು) ಬಂದು ಕ್ಯೂ ನಿಲ್ತಾರಾ, ಅವರಿಗೆ ಅವರದ್ದೇ ನಾರುಬೇರಿನ ಔಷಧಿ ಇತ್ತು, ಹಂಗಾಗಿ ಡಾಕ್ಟ್ರೇ ಪೋಡು ಪೋಡು ಸುತ್ತಬೇಕಾಯ್ತು (ಪೋಡು ಅಂದ್ರೆ ಅವರ ಹಾಡಿ). ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಅಂತ ತಾನೆ ಹೆಸರು, ಬರೀ ಮಾತ್ರೆ ಕೊಟ್ರೆ ಆಗಲ್ಲ ಅಂತ ಸ್ಕೂಲೂ ಮಾಡಿದ್ರು. ಬೆಟ್ಟದ ಕೆಳಗೆ ಯಳಂದೂರು ಕಡೆ ಕುಷ್ಠರೋಗ ಜಾಸ್ತಿ ಇತ್ತು, ಅದಕ್ಕೇ 1986ರಲ್ಲಿ ಕರುಣಾ ಟ್ರಸ್ಟ್ ಆಗಿದ್ದು. 1996ರಲ್ಲಿ ಗುಂಬಳ್ಳಿ ಪಿಎಚ್‌ಸಿನ (ಪ್ರಾಥಮಿಕ ಆರೋಗ್ಯ ಕೇಂದ್ರ) ಸರ್ಕಾರದಿಂದ ನಡೆಸೋಕೆ ತಗೊಂಡ್ರು. ನನ್ ಕೇಳಿದ್ರೆ ನಿಮ್ ಪ್ರಾಜೆಕ್ಟಿಗೆ ಪ್ರಶಸ್ತಿಗಿಂತ ಗುಂಬಳ್ಳಿನೇ ಮುಖ್ಯ.

ಲ್ಯಾಬ್_ಮೂಲೆ
ಸಿಕಲ್ ಸೆಲ್ (ವಂಶದಲ್ಲಿ ಬರೋ ರಕ್ತದ ಕಾಯಿಲೆ) ಮರೀಬೇಡಿ, ಸೋಲಿಗರಲ್ಲಿ ಇದೆ. ರಕ್ತಕಣ ಕುಡುಗೋಲು ಥರ ಬಾಗಿ ಸಣ್ಣ ನಾಳದಲ್ಲಿ ಸಿಕ್ಕಾಕೊಳ್ಳತ್ತೆ, ಕೈಕಾಲು ವಿಪರೀತ ನೋವು. ಅಪ್ಪ ಅಮ್ಮ ಇಬ್ರೂ ಕ್ಯಾರಿಯರ್ (ಕಾಯಿಲೆ ಇಲ್ದೆ ಅದರ ಜೀನ್ ಮಾತ್ರ ಇರೋರು) ಆಗಿದ್ರೆ ಪ್ರತಿ ಮಗುಗೂ ಕಾಯಿಲೆ ಬರೋಕೆ 25% ಚಾನ್ಸು.

ಇನ್ನೊಂದು ಹಾವು ಕಡಿತ. ನಾನಿದ್ದಿದ್ದು ಬೇರೆ ಕಡೆ, ಆದ್ರೆ ಕಾಡಂಚಿನ ಆಸ್ಪತ್ರೆ ಅಂದ್ರೆ ಇದು ಇದ್ದಿದ್ದೇ. ಮೆಷಿನ್ ಏನೂ ಬೇಡ, ಗಾಜಿನ ಟ್ಯೂಬಿಗೆ ಒಂದೆರಡು ಎಂಎಲ್ ರಕ್ತ ಹಾಕಿ 20 ನಿಮಿಷ ಇಟ್ಟು ಬಗ್ಗಿಸಿ ನೋಡೋದು, ಹೆಪ್ಪುಗಟ್ಟದೆ ನೀರ್ ನೀರಾಗಿ ಹರಿದ್ರೆ ಕೊಳಕುಮಂಡಲದಂಥದ್ದರ ವಿಷ ಏರಿದೆ ಅಂತ, ತಕ್ಷಣ ಆಂಟಿವೆನಮ್ (ಹಾವಿನ ವಿಷ ಇಳಿಸೋ ಇಂಜೆಕ್ಷನ್). ಆದ್ರೆ ನಾಗರಹಾವು, ಕಟ್ಟುಹಾವಿಗೆ ಇದನ್ನ ನಂಬ್ಕೊಂಡು ಕೂರಬಾರ್ದು, ಅವು ನರಕ್ಕೆ ಹೊಡೀತವೆ, ರೆಪ್ಪೆ ಜೋತು ಬೀಳ್ತಾ ಇದೆಯಾ ನೋಡ್ಬೇಕು.

ಫೈನಲ್_ಇಯರ್
ತುಂಬಾ ಥ್ಯಾಂಕ್ಸ್ ಇಬ್ರಿಗೂ! ಗುಂಬಳ್ಳಿಗೊಂದು ಚಾಪ್ಟರ್ ಇಡ್ತೀನಿ. ಸರ್, ಮಧ್ಯೆ ಟ್ಯೂಬ್ ಒಂದ್ಸಲ ಅಲ್ಲಾಡಿಸಿ ನೋಡಬಹುದಾ?

ಲ್ಯಾಬ್_ಮೂಲೆ
ಅಯ್ಯೋ ಮುಟ್ಟಲೇಬೇಡಿ. ಟ್ಯೂಬೂ ಹೊಸದೇ ಇರ್ಲಿ, ಸೋಪಿನ ಪುಡಿಲಿ ತೊಳೆದಿದ್ರೆ ಒಳ್ಳೇ ರಕ್ತನೂ ಹೆಪ್ಪುಗಟ್ಟಲ್ಲ, ಸುಮ್ನೆ ಗಾಬರಿ.