ನೇತ್ರಾಣಿಯಲ್ಲಿ ಡೈವಿಂಗ್, ಹಳೇ ಗೋಪ್ರೋ ಸಾಕಾ?

ತೋಟದಮನೆ, ಸಾಗರ:
ಅಡಿಕೆ ಕೊನೆಕೊಯ್ಲು ಮುಗೀತು, ಚಾಲಿ ಅಂಗಳದಲ್ಲಿ ಒಣಗ್ತಿದೆ. ಮುಂದಿನ ಭಾನುವಾರ ನಾವು ಮೂರು ಜನ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಹತ್ರ ಸ್ಕೂಬಾ (ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿ ಮುಳುಗೋದು) ಮಾಡೋಣ ಅಂತಿದ್ದೇವೆ. ಕೆರೆಯಲ್ಲಿ ಈಜಿ ಬೆಳೆದವರು, ಸಮುದ್ರ ಹೊಸದು. ಬೆಳಗಿನ ಜಾವ ಹೊರಟು, ಎರಡು ಡೈವ್ ಮುಗಿಸಿ, ಗೇರುಸೊಪ್ಪ ಘಾಟಿ ಹತ್ತಿ ರಾತ್ರಿ ಊಟಕ್ಕೆ ಮನೆ. ನನ್ನ ಹತ್ರ ಹಳೇ ಗೋಪ್ರೋ ಕ್ಯಾಮೆರಾ ಇದೆ, ಸಾಕಾ? ಮುಳುಗಿದ ಹಡಗು ಎಲ್ಲಾದ್ರೂ ನೋಡೋಕೆ ಸಿಗುತ್ತಾ?

ಬೂಷ್ಟುಲೆನ್ಸ್, ತೀರ್ಥಹಳ್ಳಿ:
ಸಾಕು, ಆದ್ರೆ ಹೌಸಿಂಗ್, ಅಂದ್ರೆ ನೀರು ಹೋಗದ ಹೊರಕವಚ, ಬೇಕೇ ಬೇಕು. ಹೀರೋ 5 ಮಾದರಿಯಿಂದ ಈಚಿನ ಗೋಪ್ರೋಗಳು ಹಾಗೇ ಬಿಟ್ರೆ 10 ಮೀಟರ್‌ವರೆಗೆ ಮಾತ್ರ ತಡೆಯುತ್ತವೆ, ಮೊದಲ ಸಲದವರೂ 12 ಮೀಟರ್‌ವರೆಗೆ ಇಳಿಯಬಹುದು. ಮುಚ್ಚುವ ಮೊದಲು ರಬ್ಬರ್ ರಿಂಗ್ ಮೇಲೆ ಬೆರಳು ಸವರಿ ನೋಡಿ. ನನ್ನದರಲ್ಲಿ ಒಂದೇ ಒಂದು ತಲೆಕೂದಲು ಅಡ್ಡ ಸಿಕ್ಕಿತ್ತು. ಕೆಳಗೆ ಹೋಗಿ ನೋಡಿದ್ರೆ ಲೆನ್ಸ್ ಮುಂದೆ ನೀರು ಕುಲುಕ್ತಿದೆ, ಕ್ಯಾಮೆರಾ ಅಲ್ಲಿಗೇ ಮುಗೀತು. ದೋಣಿಯಲ್ಲಿ ಕೂತು ಮುಚ್ಚಬೇಡಿ, ಒಳಗೆ ಸೇರಿದ ತೇವದ ಗಾಳಿ ಕೆಳಗೆ ಮಂಜು ಕಟ್ಟುತ್ತೆ. ರೂಮಲ್ಲೇ ಸಿಲಿಕಾ ಜೆಲ್ ಚೀಟಿ ಇಟ್ಟು ಮುಚ್ಚಿ. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಸಿಕೊಂಡ ನಮಗೆ ಇದೇನು ಹೊಸದಲ್ಲ ಬಿಡಿ.

ಬಣ್ಣದ್ದೇ ದೊಡ್ಡ ಕತೆ. ನೀರು ಮೊದಲು ನುಂಗೋದು ಕೆಂಪನ್ನೇ. ಬಂಡೆಗೆ ಕಚ್ಚಿದ ಚಿಪ್ಪು ತಾಗಿ ನನ್ನ ಬೆರಳು ಗೀರಿದಾಗ ಬಂದ ರಕ್ತ ಹಸಿರುಗಂದು ಕಾಣ್ತು, ಹೆದರಿಬಿಟ್ಟೆ. ಕೆಂಪು ಫಿಲ್ಟರ್ ಹಾಕಿ, ಒಂದು ಮೊಳದಷ್ಟು ಹತ್ತಿರ ಹೋಗಿ, ಸ್ವಲ್ಪ ಕೆಳಗಿಂದ ಮೇಲಕ್ಕೆ ತೆಗೆಯಿರಿ. ಲೈಟ್ ಇದ್ರೆ ಪಕ್ಕದಿಂದ ಹಿಡಿಯಿರಿ, ನೇರ ಹಿಡಿದ್ರೆ ನೀರಿನ ಕಸವೆಲ್ಲ ಚುಕ್ಕಿ ಚುಕ್ಕಿಯಾಗಿ ಹೊಳೆಯುತ್ತೆ. ಹವಳ ಮಾತ್ರ ಮುಟ್ಟಬೇಡಿ.

ಘಟ್ಟದಮೇಲೆ, ಹೊಸನಗರ:
ಕ್ಯಾಮೆರಾ ಹಾಗಿರಲಿ ಮಾರಾಯ್ರೆ, ಅದೇ ಸಂಜೆ ಘಾಟಿ ಹತ್ತೋದು ಯಾರ ಐಡಿಯಾ? 10 ಮೀಟರ್ ಕೆಳಗೆ ಒತ್ತಡ ಮೇಲಿನದರ ಎರಡು ಪಟ್ಟು, ಅಲ್ಲಿ ಸಿಲಿಂಡರಿನ ಗಾಳಿ ಉಸಿರಾಡಿದ್ರೆ ನೈಟ್ರೋಜನ್ ಮೈಯಲ್ಲಿ ಕರಗುತ್ತೆ, ಪೂರ್ತಿ ಹೊರಗೆ ಹೋಗೋದಕ್ಕೆ ಗಂಟೆಗಟ್ಟಲೆ ಬೇಕು. ಅಷ್ಟರೊಳಗೆ ಎತ್ತರಕ್ಕೆ ಹೋದ್ರೆ ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ರಕ್ತದಲ್ಲಿ ಗುಳ್ಳೆ ಏಳಬಹುದು. ವಿಮಾನ ಹತ್ತೋರಿಗೆ ಒಂದು ಡೈವ್ ಆದ್ರೆ 12 ಗಂಟೆ, ಜಾಸ್ತಿ ಆದ್ರೆ 18 ಗಂಟೆ ಕಾಯಿರಿ ಅಂತಾರೆ. ಸಾಗರ ವಿಮಾನದಷ್ಟು ಎತ್ತರ ಅಲ್ಲ, ನಿಜ, ಆದ್ರೂ ಸುಮಾರು 600 ಮೀಟರ್ ಮೇಲಿದೆ. ಸುಮ್ನೆ ರಾತ್ರಿ ಅಲ್ಲೇ ಉಳಿದು ಮರುದಿನ ಹತ್ತಿ. ಕೆರೆ ಈಜುಗಾರರಿಗೆ ಇನ್ನೊಂದು ಮಾತು: ಮುಳುಗಿದ ತಕ್ಷಣ ಉಸಿರು ಹಿಡಿಯೋ ಅಭ್ಯಾಸ ಬಿಡಬೇಕು. ಸ್ಕೂಬಾದಲ್ಲಿ ಉಸಿರು ಕಟ್ಟಿ ಮೇಲೆ ಬಂದ್ರೆ ಶ್ವಾಸಕೋಶಕ್ಕೇ ಪೆಟ್ಟು.

ಹಡಗು ಬೇಕಿದ್ರೆ ಗೋವಾದ ಗ್ರಾಂಡೆ ದ್ವೀಪದ ಹತ್ರ ಸೂಜೀಸ್ ರೆಕ್ ಇದೆ. ಶ್ರೀಲಂಕಾದ ಬಟ್ಟಿಕಲೋವಾ ಬಳಿ 1942ರ ಏಪ್ರಿಲ್ 9ರಂದು ಜಪಾನಿನ ವಿಮಾನಗಳು ಮುಳುಗಿಸಿದ ಬ್ರಿಟಿಷ್ ಯುದ್ಧನೌಕೆ ಹರ್ಮಿಸ್ ಇರೋದು 50 ಮೀಟರಿಗೂ ಕೆಳಗೆ. ಹವ್ಯಾಸಿಗಳ ಮಿತಿಯೇ 40, ಅದು ನಮ್ಮಂಥವರಿಗಲ್ಲ.

ತೋಟದಮನೆ, ಸಾಗರ:
ಘಾಟಿ ವಿಷಯ ತಲೆಗೇ ಹೊಳೆದಿರಲಿಲ್ಲ ಅಣ್ಣ. ಭಾನುವಾರ ರಾತ್ರಿಗೆ ರೂಮ್ ಮಾಡಿದ್ವಿ. ನಮ್ಮ ಜೊತೆಯವನೊಬ್ಬ ಶರಾವತಿ ಹಿನ್ನೀರಲ್ಲೇ ಮುಳುಗಿ, ಅಲ್ಲಿ ಮುಳುಗಡೆಯಾಗಿರೋ ಹಳೇ ಮಡೆನೂರು ಅಣೆಕಟ್ಟು ನೋಡೋಣ ಅಂತಿದ್ದಾನೆ.

ಘಟ್ಟದಮೇಲೆ, ಹೊಸನಗರ:
ನೀರು ಪೂರ್ತಿ ಇಳಿದ ವರ್ಷ ಬೇಸಿಗೆಯಲ್ಲಿ ಚಪ್ಪಲಿ ಹಾಕಿಕೊಂಡೇ ಹೋಗಿ ನೋಡಬಹುದು ಅಂತ ಹೇಳಿ ಅವನಿಗೆ.