ಸರ್ಫ್ ಗಿಟಾರ್‌ಗೆ ಕೈ ಎಷ್ಟು ಪಳಗಿರಬೇಕು? ಬಲ್ಲವರು ಹೇಳಿ

ಓಪನ್ ಕಾರ್ಡ್:
ಗಿಟಾರ್ ಹಿಡಿದು ಎರಡು ವರ್ಷ. ಓಪನ್ ಕಾರ್ಡ್‌ಗಳು ಸಲೀಸು, ಬ್ಯಾರೆ ಕಾರ್ಡ್ (ಒಂದು ಬೆರಳನ್ನು ಅಡ್ಡ ಮಲಗಿಸಿ ತಂತಿಗಳನ್ನೆಲ್ಲ ಒತ್ತೋದು) ಒಂದು ಮಟ್ಟಿಗೆ ಬರುತ್ತೆ. 1960ರ ದಶಕದ ಕ್ಯಾಲಿಫೋರ್ನಿಯಾದ ಸರ್ಫ್ (ಅಲೆ ಸವಾರಿಯ ಹುಮ್ಮಸ್ಸಿನ, ಹಾಡಿಲ್ಲದ ಗಿಟಾರ್ ಸಂಗೀತ) ಇನ್‌ಸ್ಟ್ರುಮೆಂಟಲ್‌ಗಳನ್ನು ನುಡಿಸಬೇಕು ಅಂತ ಆಸೆ. ಕೇಳಿದರೆ ಒಬ್ಬರು "ಅದು ಮೂರು ಕಾರ್ಡಿನ ಹುಡುಗಾಟ, ಒಂದು ವಾರ ಸಾಕು" ಅಂತಾರೆ. ಇನ್ನೊಬ್ಬರು "ಸರ್ಫ್ ಗಿಟಾರಿಸ್ಟ್ ಡಿಕ್ ಡೇಲ್ ಥರ ಕೈ ಓಡದಿದ್ದರೆ ಆ ಕಡೆ ತಲೆ ಹಾಕಬೇಡ" ಅಂತಾರೆ. ಯಾವುದು ನಿಜ? ನನ್ನ ಹತ್ತಿರ ಇರೋದು ಸ್ಟ್ರಾಟ್ ಮಾದರಿಯ ಗಿಟಾರ್, 9ರ ತಂತಿ (ಅತಿ ತೆಳು ತಂತಿ ಇಂಚಿನ ಸಾವಿರದಲ್ಲಿ 9 ಪಾಲು ದಪ್ಪ), 15 ವ್ಯಾಟಿನ ಚಿಕ್ಕ ಆಂಪ್. ಮೊದಲು ಏನು ಕಲಿಯಲಿ, ಏನಾದರೂ ಕೊಳ್ಳಬೇಕಾ?

ತಗ್ಗಿನ ತಂತಿ:
ಇಬ್ಬರೂ ಅರ್ಧರ್ಧ ಸರಿ. ಎಡಗೈಗೆ ಹೆಚ್ಚು ಕೆಲಸ ಇಲ್ಲ. ಬೆಂಡ್ ಇಲ್ಲ, ಟ್ಯಾಪಿಂಗ್ ಇಲ್ಲ, ವಿಚಿತ್ರ ಕಾರ್ಡ್‌ಗಳಿಲ್ಲ. ಕಷ್ಟವೆಲ್ಲ ಬಲಗೈದು. ಜೊತೆಗೆ ಡಿಸ್ಟಾರ್ಶನ್ನಿನ (ಒಡಕು ಸದ್ದಿನ) ಮರೆ ಇಲ್ಲದ ಕ್ಲೀನ್ ಸೌಂಡ್, ಹಾಗಾಗಿ ಒಂದು ಪೆಟ್ಟು ಮೆತ್ತಗಾದರೂ ಗೊತ್ತಾಗಿಬಿಡುತ್ತೆ. ರಾಕ್ ನುಡಿಸಿ ಬಂದವರು ಎಡವೋದು ಇಲ್ಲೇ.

"ಪೈಪ್‌ಲೈನ್" ನುಡಿಸಿದ ಶಾಂಟೇಸ್ ತಂಡದವರು ಸಾಂಟಾ ಆನಾದ ಹೈಸ್ಕೂಲ್ ಹುಡುಗರು. 1963ರಲ್ಲಿ ಅದು ಅಮೆರಿಕದ ಪಟ್ಟಿಯಲ್ಲಿ ಮೇಲಕ್ಕೇರಿತು. ಹೈಸ್ಕೂಲ್ ಹುಡುಗರಿಗೆ ಎಟುಕಿದ್ದು ನಿಮಗೂ ಎಟುಕುತ್ತೆ. ಆದರೆ ಅದರ ಆರಂಭದಲ್ಲಿ ದಪ್ಪ ಇ ತಂತಿಯ ಮೇಲೆ ಬೆರಳು ಜಾರಿ ಇಳಿಯುವಾಗ ಬಲಗೈ ನಿಲ್ಲದೆ ಪಿಕ್ ಮಾಡುತ್ತಿರುತ್ತೆ. ಆ ಒಂದು ಜಾರು ಸ್ವಚ್ಛವಾಗಿ ಬರಲು ವಾರಗಟ್ಟಲೆ ಬೇಕು.

ನನ್ನ ಲೆಕ್ಕದಲ್ಲಿ ಕ್ರಮ ಹೀಗೆ: ಮೊದಲು ವೆಂಚರ್ಸ್ 1960ರಲ್ಲಿ ನುಡಿಸಿದ "ವಾಕ್, ಡೋಂಟ್ ರನ್". ಅವರು ವಾಷಿಂಗ್ಟನ್ ರಾಜ್ಯದ ಟಕೋಮಾದವರು, ಕಟ್ಟುನಿಟ್ಟಾಗಿ ಹೇಳಿದರೆ ಸರ್ಫ್ ತಂಡ ಅಲ್ಲ, ಆದರೆ ಪಾಠಕ್ಕೆ ಅದೇ ಸರಿ. ಎ ಮೈನರ್, ಜಿ, ಎಫ್, ಇ ಅಂತ ಇಳಿಯುವ ನಾಲ್ಕು ಕಾರ್ಡು ಸರ್ಫ್‌ನಲ್ಲಿ ಮತ್ತೆ ಮತ್ತೆ ಸಿಗುತ್ತೆ. ಆಮೇಲೆ ಬೆಲ್‌ಏರ್ಸ್ ತಂಡದ "ಮಿಸ್ಟರ್ ಮೋಟೊ" (1961), ಅದಾದ ಮೇಲೆ "ಪೈಪ್‌ಲೈನ್". ಡಿಕ್ ಡೇಲ್ 1962ರಲ್ಲಿ ಹೊರತಂದ "ಮಿಸಿರ್ಲೂ" ಕೊನೆಗೆ. ಮೊದಲ ಮೂರಕ್ಕೆ ನಿಮ್ಮ ಈಗಿನ ಕೈಗೆ ದಿನಕ್ಕೆ ಇಪ್ಪತ್ತು ನಿಮಿಷದಂತೆ ಎರಡು ಮೂರು ತಿಂಗಳು ಹಿಡಿಯಬಹುದು. ನಾಲ್ಕನೆಯದಕ್ಕೆ ಗಡುವು ಇಟ್ಟುಕೊಳ್ಳಬೇಡಿ.

ಮೂರನೇ ಕಾಲ:
ಬಲಗೈ ವಿಷಯ ಬಿಡಿಸಿ ಹೇಳ್ತೀನಿ, ಯಾಕೆಂದರೆ "ವೇಗವಾಗಿ ಪಿಕ್ ಮಾಡು" ಅಂದರೆ ಯಾರಿಗೂ ಏನೂ ತಿಳಿಯಲ್ಲ.

ಪಿಕ್ 1 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪ ಇರಲಿ. ತೆಳು ಪಿಕ್ ಬಾಗಿ ವಾಪಸ್ ಬರುವಷ್ಟರಲ್ಲಿ ಮುಂದಿನ ಪೆಟ್ಟಿನ ಹೊತ್ತು ಮೀರಿರುತ್ತೆ. ಹೆಬ್ಬೆರಳು, ತೋರುಬೆರಳಿನಿಂದ ಹೊರಗೆ ಮೂರು ನಾಲ್ಕು ಮಿಲಿಮೀಟರ್ ಮಾತ್ರ ಕಾಣಬೇಕು. ಪಿಕ್ಕಿನ ತುದಿ ತಂತಿಯಿಂದ ಒಂದು ಮಿಲಿಮೀಟರಿನಷ್ಟೇ ಕೆಳಗೆ ಇಳಿಯಬೇಕು. ಆಳಕ್ಕೆ ಹೋದರೆ ಸಿಕ್ಕಿಕೊಳ್ಳುತ್ತೆ. ಪಿಕ್ ತಂತಿಗೆ ಚಪ್ಪಟೆಯಾಗಿ ಬಡಿಯದೆ ಸ್ವಲ್ಪ ಓರೆಯಾಗಿ ಸವರಿಹೋಗಲಿ. ಚಲನೆ ಮಣಿಕಟ್ಟಿನಿಂದ. ಮೊಣಕೈ ಬಿಗಿದು ನಡುಗಿಸಿದರೆ ಹತ್ತು ಸೆಕೆಂಡ್ ಓಡುತ್ತೆ, ಆಮೇಲೆ ಕೈ ಉರಿಯುತ್ತೆ.

ಲೆಕ್ಕ ನೋಡಿ. ಮೆಟ್ರೋನೋಮ್ 80ಕ್ಕೆ ಇಟ್ಟು ಪ್ರತಿ ಬಡಿತಕ್ಕೆ ನಾಲ್ಕು ಪೆಟ್ಟು ಹಾಕಿದರೆ ಸೆಕೆಂಡಿಗೆ ಐದು ಚಿಲ್ಲರೆ. 120ಕ್ಕೆ ಎಂಟು. 160ಕ್ಕೆ ಹತ್ತೂವರೆ ದಾಟುತ್ತೆ. 80ರಲ್ಲಿ ಶುರು ಮಾಡಿ. ಒಂದು ನಿಮಿಷ ನಿಲ್ಲದೆ, ಎಲ್ಲ ಪೆಟ್ಟೂ ಒಂದೇ ತೂಕದಲ್ಲಿ ಬಂದರೆ ಮಾತ್ರ 4 ಏರಿಸಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಹೆಚ್ಚಿನವರಿಗೆ ಕೆಳಗಿನ ಪೆಟ್ಟು ಜೋರು, ಮೇಲಿನದು ಸಪ್ಪೆ. ಅದಕ್ಕೆ ಮದ್ದು, ಅರ್ಧ ಹೊತ್ತು ಮೇಲಿನ ಪೆಟ್ಟಿನಿಂದಲೇ ಶುರು ಮಾಡಿ ಅಭ್ಯಾಸ ಮಾಡೋದು.

ಇನ್ನು "ಮಿಸಿರ್ಲೂ". ಕರ್ನಾಟಕ ಸಂಗೀತ ಸ್ವಲ್ಪ ಕಲಿತವರಿಗೆ ಇಲ್ಲೊಂದು ಲಾಭ ಇದೆ. ಪೂರ್ವ ಮೆಡಿಟರೇನಿಯನ್ ಕಡೆಯ ಹಳೇ ಹಾಡು ಅದು. ಡೇಲ್ ಅವರ ತಂದೆ ಲೆಬನಾನ್ ಮೂಲದವರು, ಹಾಗಾಗಿ ಆ ಧಾಟಿ ಅವರಿಗೆ ಮನೆಯದೇ. ಅದರ ಮೊದಲ ಭಾಗದ ಸ್ವರಗಳು ನಮ್ಮ ಮಾಯಾಮಾಳವಗೌಳದವು, ಸರಳೆ ವರಸೆ ಕಲಿಯುವ ಅದೇ ರಾಗದವು. ದಪ್ಪ ಇ ತಂತಿಯೊಂದರ ಮೇಲೇ ಸಿಗುತ್ತೆ: ಬರೀ ತಂತಿ ಷಡ್ಜ, 1ನೇ ಫ್ರೆಟ್ ಶುದ್ಧ ರಿಷಭ, 4 ಅಂತರ ಗಾಂಧಾರ, 5 ಶುದ್ಧ ಮಧ್ಯಮ, 7 ಪಂಚಮ, 8 ಶುದ್ಧ ಧೈವತ, 11 ಕಾಕಲಿ ನಿಷಾದ, 12 ಮೇಲಿನ ಷಡ್ಜ.

ಇದರ ಮೇಲೆ ಸರಳೆ ವರಸೆಯನ್ನೇ ನುಡಿಸಿ. ಮೆಟ್ರೋನೋಮ್ 80. ಒಂದನೇ ಕಾಲದಲ್ಲಿ ಬಡಿತಕ್ಕೊಂದು ಸ್ವರ, ಸ್ವರಕ್ಕೆ ನಾಲ್ಕು ಪೆಟ್ಟು. ಎರಡನೇ ಕಾಲದಲ್ಲಿ ಬಡಿತಕ್ಕೆರಡು ಸ್ವರ, ಸ್ವರಕ್ಕೆ ಎರಡು ಪೆಟ್ಟು. ಗಮನಿಸಿದಿರಾ, ಬಲಗೈ ವೇಗ ಒಂದಿಷ್ಟೂ ಬದಲಾಗಿಲ್ಲ, ಎಡಗೈ ಮಾತ್ರ ದುಪ್ಪಟ್ಟಾಯಿತು. ಎರಡೂ ಕೈ ಜೊತೆಗೂಡದೆ ಇರೋದೇ ಇಲ್ಲಿನ ದೊಡ್ಡ ರೋಗ, ಅದಕ್ಕೆ ಇದಕ್ಕಿಂತ ಒಳ್ಳೇ ಔಷಧಿ ಇಲ್ಲ. ಮೂರನೇ ಕಾಲ, ಅಂದರೆ ಸ್ವರಕ್ಕೊಂದೇ ಪೆಟ್ಟು, ಒಂದೇ ತಂತಿಯಲ್ಲಿ ತುಂಬ ಕಷ್ಟ. ಸರ್ಫ್‌ಗೆ ಅದು ಬೇಕಾಗಿಯೂ ಇಲ್ಲ. ಹೆಸರು ಅದನ್ನೇ ಇಟ್ಟುಕೊಂಡು ಹೀಗೆ ಹೇಳ್ತಿದ್ದೀನಲ್ಲ ಅಂತ ನಗಬೇಡಿ.

ಬೆರಳು: 1ಕ್ಕೆ ತೋರುಬೆರಳು, 4ಕ್ಕೆ ಕಿರುಬೆರಳು. ಮೇಲೆ ಹೋಗುವಾಗ ತೋರುಬೆರಳನ್ನು 4ಕ್ಕೆ ತನ್ನಿ, 5ಕ್ಕೆ ನಡುಬೆರಳು, 7ಕ್ಕೆ ಕಿರುಬೆರಳು, ಅದೇ ಬೆರಳು 8ಕ್ಕೆ ಜಾರಲಿ. ಜಾಗ ಬದಲಿಸಿದ ಕೂಡಲೆ ಬರುವ ಮೊದಲ ಪೆಟ್ಟಿಗೆ ಸ್ವಲ್ಪ ಒತ್ತು ಕೊಟ್ಟರೆ ಕೈಗಳು ತಾವೇ ಸೇರಿಕೊಳ್ಳುತ್ತವೆ.

ಓಪನ್ ಕಾರ್ಡ್:
ಸರಳೆ ವರಸೆ ಐಡಿಯಾ ಸೂಪರ್ ಸರ್, ಚಿಕ್ಕವನಿದ್ದಾಗ ಕಲಿತದ್ದು ಹೀಗೆ ಉಪಯೋಗಕ್ಕೆ ಬರುತ್ತೆ ಅಂದ್ಕೊಂಡಿರಲಿಲ್ಲ. ರಿವರ್ಬ್ ಪೆಡಲ್ (ಸೌಂಡಿಗೆ ಮಾರ್ದನಿ ಸೇರಿಸೋದು) ಈಗಲೇ ತಗೊಳ್ಳಲಾ? ಅದಿಲ್ಲದೆ ಸರ್ಫ್ ಅನ್ನಿಸೋದೇ ಇಲ್ಲವಲ್ಲ.

ಸ್ಪ್ರಿಂಗ್ ಡಬ್ಬಿ:
ತಗೊಳ್ಳಿ, ಆದರೆ ಅಭ್ಯಾಸದ ಅರ್ಧ ಹೊತ್ತು ಆಫ್ ಮಾಡಿಡಿ. ಡೇಲ್ ಅವರ 1961ರ "ಲೆಟ್ಸ್ ಗೋ ಟ್ರಿಪ್ಪಿನ್" ರೆಕಾರ್ಡಿನಲ್ಲಿ ರಿವರ್ಬ್‌ನ ಆ ಒದ್ದೆ ಸೌಂಡ್ ಇಲ್ಲ, "ಮಿಸ್ಟರ್ ಮೋಟೊ"ದಲ್ಲೂ ಇಲ್ಲ. ಕೈ ಮೊದಲು ಬಂತು, ಡಬ್ಬಿ ಆಮೇಲೆ.

ಡಬ್ಬಿ ಅಂದರೆ ಫೆಂಡರ್ ಕಂಪನಿ 1961ರಲ್ಲಿ ಹೊರತಂದ 6ಜಿ15, ಆಂಪ್‌ನಿಂದ ಬೇರೆಯಾಗಿ ಕೂರುವ ಟ್ಯೂಬ್ ರಿವರ್ಬ್. ಅದಕ್ಕೆ ಮೂರೇ ನಾಬ್. ಡ್ವೆಲ್ ಅಂದರೆ ಸ್ಪ್ರಿಂಗಿಗೆ ಎಷ್ಟು ಜೋರಾಗಿ ಸಿಗ್ನಲ್ ತಳ್ಳೋದು. ಮಿಕ್ಸರ್ ಅಂದರೆ ಒದ್ದೆ ಸೌಂಡ್ ಎಷ್ಟು ಸೇರಿಸೋದು. ಟೋನ್ ಆ ಒದ್ದೆ ಸೌಂಡಿನ ಹೊಳಪು. ಆಂಪ್ ಒಳಗಿನ ರಿವರ್ಬ್‌ಗೆ ಸಾಮಾನ್ಯವಾಗಿ ಒಂದೇ ನಾಬ್, ಡ್ವೆಲ್ ಇರಲ್ಲ. ಅದಕ್ಕೇ ಅದರಲ್ಲಿ ಆ "ಪ್ಳಕ್" ಸರಿಯಾಗಿ ಬರಲ್ಲ. ಬಾಸ್ ಎಫ್‌ಆರ್‌ವಿ-1 ಆ ಡಬ್ಬಿಯನ್ನೇ ಅನುಕರಿಸುವ ಪೆಡಲ್, ಈಗ ಸೆಕೆಂಡ್ ಹ್ಯಾಂಡ್ ನೋಡಬೇಕು. ಸರ್ಫಿಬೇರ್ ಅನ್ನೋ ರಿವರ್ಬ್‌ನಲ್ಲಿ ನಿಜವಾದ ಸ್ಪ್ರಿಂಗೇ ಇದೆ. ಯಾವುದಾದರೂ ಸರಿ, ಡ್ವೆಲ್ ಬೇರೆಯಾಗಿ ಇರುವುದನ್ನು ಹುಡುಕಿ.

ಶುರುವಿಗೆ ಡ್ವೆಲ್ 5 ಅಥವಾ 6, ಮಿಕ್ಸರ್ 4, ಟೋನ್ 5. ಪರೀಕ್ಷೆ ಹೀಗೆ: ಎಡಗೈ ಬೆರಳುಗಳನ್ನು ತಂತಿಗಳ ಮೇಲೆ ಒತ್ತದೆ ಸುಮ್ಮನೆ ಇಟ್ಟು, ಬ್ರಿಡ್ಜ್ (ಗಿಟಾರಿನ ಬಾಡಿ ಮೇಲೆ ತಂತಿಗಳು ಕೂರುವ ಜಾಗ) ಹತ್ತಿರ ಗಟ್ಟಿಯಾಗಿ ಒಂದು ಪೆಟ್ಟು ಹಾಕಿ. ನೀರಿನ ಹನಿ ಬಿದ್ದ ಹಾಗೆ ಕೇಳಿಸಿದರೆ ಸೆಟ್ಟಿಂಗ್ ಸರಿ. ಸ್ನಾನದ ಮನೆಯಲ್ಲಿ ನುಡಿಸಿದ ಹಾಗೆ ಗುಂಯ್ ಅಂದರೆ ಮಿಕ್ಸರ್ ಇಳಿಸಿ. ಹನಿ ಹುಟ್ಟೋದು ಗಿಡ್ಡ, ಚೂಪು ಪೆಟ್ಟಿನಿಂದ. ಉದ್ದಕ್ಕೆ ಎಳೆದ ಸ್ವರಕ್ಕೆ ಸ್ಪ್ರಿಂಗ್ ಹನಿ ಕೊಡಲ್ಲ, ಬರೀ ಮಂಜು ಕೊಡುತ್ತೆ. ಅಂಗೈ ಅಂಚನ್ನು ಬ್ರಿಡ್ಜ್ ಸ್ಯಾಡಲ್‌ಗಳ ಮೇಲೆ ಅರ್ಧ ತಾಗಿಸಿ ನುಡಿಸೋದನ್ನು ಕಲಿಯಬೇಕಾಗಿರೋದು ಇದಕ್ಕೇ. ಎರಡು ಮಿಲಿಮೀಟರ್ ಮುಂದೆ ಬಂದರೆ ಸ್ವರವೇ ಸಾಯುತ್ತೆ, ಹಿಂದೆ ಹೋದರೆ ಮ್ಯೂಟ್ ಆಗಲ್ಲ.

ಜೋಡಣೆ: ಗಿಟಾರ್, ರಿವರ್ಬ್, ಆಮೇಲೆ ಆಂಪ್. ಆಂಪ್ ಗೇನ್ ಕಮ್ಮಿ. ಆಂಪ್ ಸೌಂಡ್ ಒಡೆದರೆ ರಿವರ್ಬ್ ಬಾಲವೂ ಅದರ ಜೊತೆ ಒಡೆದು ಕೆಸರಾಗುತ್ತೆ. ಡೇಲ್‌ಗಾಗಿ ಫೆಂಡರ್‌ನವರು ಶೋಮನ್ ಆಂಪ್ ಕಟ್ಟಿ 15 ಇಂಚಿನ ಜೆಬಿಎಲ್ ಸ್ಪೀಕರ್ ಹಾಕಿದ್ದು ಜೋರಾದರೂ ಕ್ಲೀನ್ ಆಗಿ ಉಳಿಯಲಿ ಅಂತಲೇ. ನಿಮ್ಮ 15 ವ್ಯಾಟ್ ಮನೆಗೆ ಸಾಕು, ಡ್ರಮ್ಸ್ ಪಕ್ಕದಲ್ಲಿ ಸಾಲದು.

ನಿಜವಾದ ಸ್ಪ್ರಿಂಗ್ ಡಬ್ಬಿ ಕೊಂಡರೆ ಇನ್ನೆರಡು ಮಾತು. ಆಂಪ್ ಮೇಲೆ ಇಟ್ಟರೆ ಟ್ರಾನ್ಸ್‌ಫಾರ್ಮರ್ ಹತ್ತಿರವಾಗಿ ಹಮ್ ಬರಬಹುದು. ಡಬ್ಬಿಯನ್ನು ತಿರುಗಿಸಿ ಅಥವಾ ಒಂದು ಅಡಿ ದೂರ ಇಡಿ, ಕೆಳಗೆ ಫೋಮ್ ಹಾಕಿ. ಅಮೆರಿಕದಿಂದ ತರಿಸಿದ್ದಾದರೆ 120 ವೋಲ್ಟಿನದು, ನಮ್ಮ 230ಕ್ಕೆ ನೇರವಾಗಿ ಚುಚ್ಚಿದರೆ ಸುಟ್ಟುಹೋಗುತ್ತೆ. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇಬೇಕು.

ದಪ್ಪ ತಂತಿ:
ಎಲ್ಲಾ ಹೇಳಿದ್ರಿ, ತಂತಿ ಬಗ್ಗೆ ಯಾರೂ ಮಾತಾಡ್ಲಿಲ್ಲ ನೋಡ್ರಿ. 9ರ ತಂತಿ ತಗದು ಹಾಕ್ರಿ ಮೊದಲು. ಜೋರಾಗಿ ಪಿಕ್ ಮಾಡಿದ ಕೂಡ್ಲೆ ಅದು ಅಗಲಕ್ಕ ಓಲಾಡ್ತದ, ಶ್ರುತಿ ಮ್ಯಾಲೆ ಹೋಗಿ ಕೆಳಗ ಬರ್ತದ, ಪಿಕ್ಕಿಗೆ ತಿರುಗಿ ಬಡೀಲಿಕ್ಕೆ ಗಟ್ಟಿ ಜಾಗ ಸಿಗಂಗಿಲ್ಲ. 11ರಿಂದ 50ರ ಸೆಟ್ ತಗೋರಿ, ಮೂರನೇ ತಂತಿ ಮ್ಯಾಲೆ ಲೋಹದ ಎಳಿ ಸುತ್ತಿದ್ದು ಸಿಕ್ಕರ ಇನ್ನೂ ಛಲೋ. ಡೇಲ್ ಅವರ ತೆಳು ತಂತಿನೇ 16 ಇತ್ತು, ಅದನ್ನ ನಕಲು ಮಾಡಾಕ ಹೋಗಬ್ಯಾಡ್ರಿ. ಅವರು ಎಡಗೈಯವರು, ಬಲಗೈಯವರ ತಂತಿ ಕ್ರಮದಾಗ ಗಿಟಾರ್ ತಿರುವಿ ಹಿಡೀತಿದ್ರು, ದಪ್ಪ ತಂತಿ ಕೆಳಗ ಬರ್ತಿತ್ತು. ಅವರ ಕೈ ಲೆಕ್ಕನೇ ಬ್ಯಾರೆ.

ತಂತಿ ಬದಲಿಸಿದ್ರ ಅಷ್ಟಕ್ಕ ಮುಗೀಲಿಲ್ಲ. ಸ್ಟ್ರಾಟ್ ಹಿಂದ ಬ್ರಿಡ್ಜ್ ಹಿಡಿದಿಡೋ ಮೂರು ಸ್ಪ್ರಿಂಗ್ ಸಾಲಂಗಿಲ್ಲ, ನಾಲ್ಕನೇದು ಹಾಕಿ, ಬ್ರಿಡ್ಜ್ ಹಿಂಭಾಗ ಬಾಡಿಯಿಂದ ಮೂರು ಮಿಲಿಮೀಟರ್ ಎದ್ದು ನಿಲ್ಲೂ ಹಂಗ ಸ್ಕ್ರೂ ಬಿಗೀರಿ. ನೆಕ್ ಮುಂದಕ್ಕ ಬಾಗಿರ್ತದ, ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ಕಾಲು ಸುತ್ತು ಬಿಗಿದು ನೋಡ್ರಿ, ಒಮ್ಮೆಲೆ ಹೆಚ್ಚು ಬ್ಯಾಡ. ಮೊದಲ ಮತ್ತ ಕೊನೇ ಫ್ರೆಟ್ ಒತ್ತಿ ಹಿಡಿದಾಗ 8ನೇ ಫ್ರೆಟ್ ಹತ್ರ ಕಾಲು ಮಿಲಿಮೀಟರ್ ಸಂದು ಇದ್ರ ಸಾಕು. ನಟ್ಟಿನ (ನೆಕ್ ತುದಿಯಾಗ ತಂತಿ ಕೂಡೋ ಪಟ್ಟಿ) ಕೊರೆದ ಸಂದಿನೊಳಗ ದಪ್ಪ ತಂತಿ ಬಿಗಿಯಾಗಿ ಕೂತ್ರ ಬಾರ್ (ಬ್ರಿಡ್ಜ್ ಅಲ್ಲಾಡಿಸೋ ಕೋಲು) ಒತ್ತಿ ಬಿಟ್ಟಾಗ "ಟಿಂಗ್" ಅಂತದ, ಶ್ರುತಿ ವಾಪಸ್ ಬರಂಗಿಲ್ಲ. ಪೆನ್ಸಿಲ್ ಸೀಸ ತಿಕ್ಕಿ ನೋಡ್ರಿ, ಆಗದಿದ್ರ ಅರ ಹಾಕಿಸ್ರಿ.

ಬಾರ್ ಬಗ್ಗೆ ಒಂದು: ಅದು ಸ್ವರದ ಕೊನೆಗಷ್ಟ, ಅರ್ಧ ಸ್ವರಕ್ಕಿಂತ ಕಡಿಮಿ ತಗ್ಗಿಸೋದು. ಹೊಸಬರು ಒಂದೊಂದು ಕಾರ್ಡಿಗೂ ಜಗ್ಗಿ ಬಿಡ್ತಾರ, ಹಡಗಿನ್ಯಾಗ ಕುಂತಂಗ ಆಗ್ತದ.

ತಗ್ಗಿನ ತಂತಿ:
11ಕ್ಕೆ ನೇರ ಹಾರೋದು ಬೇಡ ಅನ್ನೋದು ನನ್ನ ಅಭಿಪ್ರಾಯ. 10ರ ಸೆಟ್ಟಿನಲ್ಲಿ ಎರಡು ತಿಂಗಳು ಕೈ ಕೂತ ಮೇಲೆ ಬದಲಿಸಲಿ. ದಪ್ಪ ತಂತಿಯಲ್ಲಿ ಕಲಿಯಲು ಹೋಗಿ ಬಿಗಿ ಹಿಡಿತ ಅಭ್ಯಾಸವಾದರೆ ಬಿಡಿಸೋದು ಕಷ್ಟ.

ದಪ್ಪ ತಂತಿ:
ಹತ್ತಕ್ಕ ಒಪ್ಪಿದೆ. ಒಂಬತ್ತಕ್ಕ ಮಾತ್ರ ಇಲ್ಲ.

ಎರಡನೇ ಗಿಟಾರ್:
ಎಲ್ಲರೂ ಲೀಡ್ ಲೀಡ್ (ಮುಖ್ಯ ರಾಗ ನುಡಿಸುವುದು) ಅಂತಲೇ ಹೇಳ್ತಿದ್ದೀರಿ ಮಾರಾಯ್ರೆ. ಸರ್ಫ್ ತಂಡಕ್ಕೆ ಕಾರ್ಡ್ ಬಡಿದು ತಾಳ ಹಿಡಿಯುವ ರಿದಂ ಗಿಟಾರ್ ಸರಿ ಇಲ್ಲದಿದ್ರೆ ಲೀಡ್ ಎಷ್ಟು ಓಡಿದರೂ ಹಾಡು ನಿಂತಲ್ಲೇ ನಿಲ್ತದೆ. ಎರಡು ವರ್ಷದ ಕೈಗೆ ಸರಿಯಾದ ಬಾಗಿಲು ಅದೇ.

ಡ್ರಮ್ಸ್ ಮೊದಲು ಕೇಳಿ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿದರೆ ಸ್ನೇರ್ ಬೀಳುವುದು ಎರಡರ ಮೇಲೆ, ಎರಡರ ಬೆನ್ನಿಗೇ ಮತ್ತೊಂದು, ಆಮೇಲೆ ನಾಲ್ಕರ ಮೇಲೆ. ಅಂದರೆ "ಧುಂ ತಟ ಧುಂ ತ". ನಿಮ್ಮ ಕಾರ್ಡು ಆ "ತಟ"ದ ಜೊತೆ ಬಿದ್ದು ಕೂಡಲೆ ಸಾಯಬೇಕು: ಒತ್ತಿದ ಎಡಗೈ ಬೆರಳನ್ನು ಎತ್ತದೆ ಸಡಿಲ ಬಿಟ್ಟರಾಯ್ತು. ಆರೂ ತಂತಿ ಬೇಡ, ಬ್ಯಾರೆ ಹಿಡಿದು ಮೇಲಿನ ಸಪೂರ ಮೂರು ನಾಲ್ಕು ತಂತಿಗೆ ಮಾತ್ರ ಬಡಿಯಿರಿ. ಕೆಳಗಿನ ಜಾಗ ಬೇಸ್‌ನದ್ದು. ರಿವರ್ಬ್ ಲೀಡಿನ ಅರ್ಧ. ಎರಡೂ ಗಿಟಾರ್ ಅಷ್ಟೇ ಒದ್ದೆ ಆದರೆ ಯಾವ ಪೆಟ್ಟು ಯಾರದ್ದು ಅಂತಲೇ ಗೊತ್ತಾಗುವುದಿಲ್ಲ. 150ರ ವೇಗದಲ್ಲಿ ಎರಡೂವರೆ ನಿಮಿಷ ಇದನ್ನು ಓಡದೆ, ಹಿಂದೆ ಬೀಳದೆ ನುಡಿಸಿ ನೋಡಿ, ಆಮೇಲೆ ಸುಲಭವೋ ಕಷ್ಟವೋ ಹೇಳಿ.

ಕರಾವಳಿಯಲ್ಲಿ ಇರುವವರಿಗೆ: ತಂತಿ ಬೇಗ ತುಕ್ಕು ಹಿಡಿಯುತ್ತದೆ, ಫ್ಲ್ಯಾಟ್‌ವೂಂಡ್ (ಚಪ್ಪಟೆ ಎಳೆ ಸುತ್ತಿದ ನುಣುಪು ತಂತಿ) ಹಾಕಿದರೆ ಹೆಚ್ಚು ಬಾಳುತ್ತದೆ. ಜಾರುವಾಗ ಬೆರಳಿನ ಕೀಚ್ ಶಬ್ದವೂ ಕಮ್ಮಿ.

ಓಪನ್ ಕಾರ್ಡ್:
ಎಲ್ಲರಿಗೂ ಥ್ಯಾಂಕ್ಸ್. 10ರ ಸೆಟ್ ತರಿಸ್ತಿದ್ದೀನಿ. ಇವತ್ತು 80ರಲ್ಲಿ ಒಂದು ನಿಮಿಷ ಪ್ರಯತ್ನಿಸಿದೆ, ನಲವತ್ತು ಸೆಕೆಂಡಿಗೇ ಮುಂಗೈ ಗಟ್ಟಿಯಾಯ್ತು. ಸಹಿಸಿಕೊಂಡು ಮುಂದುವರಿಸಲಾ?

ಮೂರನೇ ಕಾಲ:
ಬೇಡ. ಗಟ್ಟಿಯಾದ ಕೂಡಲೆ ನಿಲ್ಲಿಸಿ, ಕೈ ಕೆಳಗೆ ಜೋತು ಬಿಟ್ಟು ಕೊಡವಿ, ಒಂದು ನಿಮಿಷ ಬಿಟ್ಟು 60ಕ್ಕೆ ಇಳಿಸಿ ಮತ್ತೆ ಶುರು ಮಾಡಿ. ಇಪ್ಪತ್ತು ಸೆಕೆಂಡ್ ನುಡಿಸಿ ಇಪ್ಪತ್ತು ಸೆಕೆಂಡ್ ಬಿಡಿ, ಹೀಗೆ ಎಂಟು ಸಲ. ಹಿಡಿತ ಸಡಿಲ ಇದೆಯಾ ಅಂತ ನೋಡೋಕೆ ನುಡಿಸುತ್ತಿರುವಾಗಲೇ ಇನ್ನೊಂದು ಕೈಯಿಂದ ಪಿಕ್ ಎಳೆಯಿರಿ, ಸುಲಭವಾಗಿ ಜಾರಿ ಬರಬೇಕು. ಬರದಿದ್ದರೆ ಮುಂಗೈ ಗಟ್ಟಿಯಾಗಲು ಅದೇ ಕಾರಣ.